ಆರನೇ ಕಾಲಂ

ಸೊಸೆ ನಾಲ್ಕು ಆಲೂಗಡ್ಡೆಯ ಸಿಪ್ಪೆ ತೆಗೆದು ಐದನೆಯದಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ಯಾರೋ ಮುಂಬಾಗಿಲು ಬಡಿದರು. ಚಾಕು ಹಿಡಿದೇ ಹೋಗಿ ತೆಗೆದರೆ ಹೊರಗೆ ಗಂಡ, ಶಾಲೆಯ ಮೇಷ್ಟ್ರು, ನಿಂತಿದ್ದರು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಸರಕಾರ ಕೊಟ್ಟ ಬಟ್ಟೆಯ ಚೀಲ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು.

“ಬೀಗದ ಕೈ ಮರೆತು ಹೋಗಿದ್ರಾ?”

“ಇಲ್ಲ. ಡ್ಯೂಟಿ ಮೇಲೆ ಬಂದಿದೀನಿ. ಈ ಮನೆಯಲ್ಲಿ ಮತದಾರರು ಎಷ್ಟು ಜನ?”

“ಬಿಸಿಲು ನೆತ್ತಿಗೇರಿತಾ ನಿಮಗೆ? ಒಳಗೆ ಬನ್ನಿ, ನೀರು ಕುಡೀರಿ.”

“ಪಕ್ಕದ ಮನೇಲಿ ಕುಡಿದಿಲ್ಲ. ಇಲ್ಲಿ ಕುಡಿದ್ರೆ ತಪ್ಪಾಗುತ್ತೆ. ಎಷ್ಟು ಜನ ಹೇಳು.”

“ನಾಲ್ಕು. ಅತ್ತೆ, ನೀವು, ನಾನು, ಮಗಳು. ನನ್ನ ಗಂಡನ ಹೆಸರು ನಿಮಗೇ ಗೊತ್ತಿರಬೇಕಲ್ಲ, ಬರ್ಕೊಳ್ಳಿ.”

ಮೇಷ್ಟ್ರು ನಗಲಿಲ್ಲ. ಹೆಂಡತಿಯಿಂದ ಸಹಿ ಹಾಕಿಸಿಕೊಂಡರು. ಮಗಳಿಗೆ ಅಂದು ಜ್ವರ. ಕಂಬಳಿ ಹೊದ್ದುಕೊಂಡೇ ಬಾಗಿಲಿಗೆ ಬಂದು ಸಹಿ ಹಾಕಿ, “ಥ್ಯಾಂಕ್ಸ್ ಸಾರ್” ಎಂದು ಹೇಳಿ ಮತ್ತೆ ಹೋಗಿ ಮಲಗಿದಳು.

“ಅಮ್ಮ?”

“ಕೆಲಸಕ್ಕೆ ಹೋಗಿದಾರೆ. ಬೆಳಿಗ್ಗೆ ಬುತ್ತಿ ಡಬ್ಬಿ ಅವರ ಕೈಗೆ ಕೊಟ್ಟಿದ್ದು ನೀವೇ ಅಲ್ವಾ?”

“ನನಗೆ ಗೊತ್ತಿರೋದು ಬೇರೆ, ಭೇಟಿಯಲ್ಲಿ ಕಂಡದ್ದು ಬೇರೆ,” ಎಂದು ಮೇಷ್ಟ್ರು ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದರು. ಸೊಸೆ ಬಾಗಿಲು ಹಾಕಿಕೊಂಡು ಬಂದು ಆಲೂಗಡ್ಡೆಯ ಮುಂದೆ ಕುಳಿತು ಒಬ್ಬಳೇ ನಕ್ಕಳು.

ಆ ವರ್ಷ ಮತದಾರರ ಪಟ್ಟಿಯನ್ನು ಹೊಸದಾಗಿ ಮಾಡಬೇಕೆಂದು ಆಜ್ಞೆಯಾಗಿತ್ತು. ಹಳೆಯ ಪಟ್ಟಿಯಲ್ಲಿದ್ದವರು ತಮ್ಮ ಮನೆಯಲ್ಲಿ ಸಿಕ್ಕಿ, ಗಣತಿಯವರ ಎದುರಿಗೇ ಸಹಿ ಹಾಕಬೇಕು. ಗಣತಿಯವರು ಕೆಲಸದ ದಿನಗಳಲ್ಲಿ, ಹತ್ತರಿಂದ ಐದರೊಳಗೆ, ಒಂದೊಂದು ಮನೆಗೂ ಮೂರು ಸಲ ಹೋಗಬೇಕು. ಮೂರು ಸಲವೂ ಸಿಗದವರನ್ನು ಆರನೇ ಕಾಲಂನಲ್ಲಿ ಬರೆಯಬೇಕು. ಆ ಕಾಲಂನ ತಲೆಯ ಮೇಲೆ ‘ಮತ್ತೆ ಭೇಟಿ ಅಗತ್ಯ’ ಎಂದು ಅಚ್ಚಾಗಿತ್ತು.

ಮೇಷ್ಟ್ರು ಒಂದರಿಂದ ನಾಲ್ಕನೇ ತರಗತಿಯವರೆಗಿನ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದರು. ಶಾಲೆಯ ಹಿಂದಿನ ಓಣಿಯಲ್ಲಿ ಸರಕಾರ ಕೊಟ್ಟ ಎರಡು ಕೋಣೆಯ ಮನೆ. ಮಾತು ಮಾತಿಗೆ ‘ಸರಿಯಾಗಿ ಬರಿ, ಸರಿಯಾಗಿ ಕೂತ್ಕೋ’ ಎನ್ನುತ್ತಿದ್ದುದರಿಂದ ಬೀದಿಯವರು ಅವರನ್ನು ‘ಸರಿಯಾಗಿ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅವರ ತಾಯಿ, ಮನೆಯವರ ಪಾಲಿಗೆ ಅಜ್ಜಿ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದರೆ ಹೊರಗೆ ಬರುವುದು ಸಂಜೆ ಆರಕ್ಕೆ. ವಾರಕ್ಕೆ ಒಂದೇ ರಜೆ, ಭಾನುವಾರ. ಭಾನುವಾರ ಗಣತಿ ಇರಲಿಲ್ಲ.

ಎರಡನೆಯ ಸಲ ಮೇಷ್ಟ್ರು ಬಾಗಿಲು ಬಡಿದಾಗಲೂ, ಮೂರನೆಯ ಸಲ ಬಡಿದಾಗಲೂ ಅಜ್ಜಿ ಮನೆಯಲ್ಲಿರಲಿಲ್ಲ. ಆ ಸಂಜೆ ಊಟಕ್ಕೆ ಕುಳಿತಾಗ ಅವಳೇ ಮಾತೆತ್ತಿದಳು.

“ಏನೋ, ಮೂರು ಸಲ ಬಂದು ನನ್ನನ್ನ ಹುಡುಕಿದೆಯಂತೆ. ಈಗ ಎದುರಿಗೇ ಕೂತಿದೀನಲ್ಲ, ತಾ ಇಲ್ಲಿ ಹಾಳೆ, ಸಹಿ ಹಾಕ್ತೀನಿ.”

“ಈಗ ಡ್ಯೂಟಿ ಟೈಮಲ್ಲಮ್ಮ.”

“ಅನ್ನದ ಮುಂದೆ ಕೂತು ಹೆತ್ತ ತಾಯಿಗೆ ಟೈಮು ಹೇಳ್ತೀಯಲ್ಲೋ.”

“ನೀನೊಬ್ಬಳೇ ಅಲ್ಲಮ್ಮ. ನಿನ್ನ ಜೊತೆ ಕೆಲಸ ಮಾಡೋರು, ಗೋದಾಮಿನವರು, ಬಸ್ಸಿನವರು, ಯಾರೂ ಹಗಲು ಸಿಗಲ್ಲ. ಅವರದ್ದೆಲ್ಲ ಆರನೇ ಕಾಲಂನಲ್ಲಿ ಬರೆದಿದೀನಿ. ನಿಂದು ಮಾತ್ರ ಮನೇಲಿ ಕೂತು ಬರ್ಕೊಂಡ್ರೆ, ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ? ಮತ್ತೆ ಭೇಟಿ ಅಂತ ಅಚ್ಚು ಹಾಕಿಸಿದಾರೆ. ಬೇರೆ ತಂಡ ಬರುತ್ತೆ. ಸರಿಯಾಗಿ ಆಗುತ್ತೆ.”

“ಸರಿಯಾಗಿ ಆದ್ರೆ ಸರಿ,” ಎಂದು ಅಜ್ಜಿ ತಟ್ಟೆಯನ್ನು ಸೊಸೆಯ ಕಡೆ ಸರಿಸಿದಳು. “ಇನ್ನೊಂಚೂರು ಬೇಳೆ ಹಾಕಮ್ಮ.”

ಬೇರೆ ತಂಡ ಬರಲಿಲ್ಲ. ಮೂರು ವಾರ ಕಳೆದ ಮೇಲೆ ಶಾಲೆಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಮೊಮ್ಮಗಳು ಕೆಲಸಕ್ಕಿದ್ದದ್ದು ಜೆರಾಕ್ಸ್ ಅಂಗಡಿಯಲ್ಲಿ. ಅಂದು ಬೆಳಗಿನಿಂದ ಜನ ಅದೇ ಪಟ್ಟಿಯ ಕಾಪಿ ತೆಗೆಸುವುದಕ್ಕೆ ಬರುತ್ತಿದ್ದರು. ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ನಾಲ್ಕು ಹಾಳೆಗಳನ್ನು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

“ಓದಪ್ಪ.”

“ಊಟ ಆಗ್ಲಿ.”

“ಹಾಗಾದ್ರೆ ನಾನೇ ಓದ್ತೀನಿ. ‘ತೆಗೆದುಹಾಕಿದ ಹೆಸರುಗಳು. ಕಾರಣ: ಸ್ಥಳಾಂತರ.’ ಒಟ್ಟು ನೂರ ಅರವತ್ತಮೂರು. ಎಪ್ಪತ್ತೊಂದನೇ ಹೆಸರು ನೋಡು. ನಮ್ಮ ಮನೆ ನಂಬರ್ರು. ಅಜ್ಜಿ ಮನೆ ಬಿಟ್ಟು ಹೋಗಿದಾಳಂತೆ.”

ಅಜ್ಜಿ ಕೋಣೆಯ ಮೂಲೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. “ಎಲ್ಲಿಗೆ ಹೋದ್ನಂತೆ?” ಎಂದು ಕೇಳಿದಳು.

“ಅದನ್ನ ಬರೆದಿಲ್ಲಜ್ಜಿ.”

ಮೇಷ್ಟ್ರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅನ್ನ ಕಲಸಿದ ಕೈಯನ್ನು ತೊಳೆಯದೇ ತುಂಬಾ ಹೊತ್ತು ಹಾಗೇ ಹಿಡಿದುಕೊಂಡಿದ್ದರು. “ನಾನು ಹೀಗೆ ಬರೆದಿಲ್ಲ,” ಎಂದರು. “ಸ್ಥಳಾಂತರ ಅನ್ನೋ ಪದವನ್ನ ನಾನು ಎಲ್ಲೂ ಬರೆದಿಲ್ಲ.”

“ನಿನ್ನ ಆರನೇ ಕಾಲಂ ಅದು. ಹೆಸರಿಗೆ ಹೆಸರು ತಾಳೆ ಆಗುತ್ತೆ.”

“ಕಾಲಂ ನನ್ನದಲ್ಲ ಕಣೆ, ಸರಕಾರದ್ದು.”

“ಬರೆದ ಕೈ ಯಾರದ್ದು?”

“ಸಾಕು, ಉಣ್ಣೋ ಹೊತ್ತಲ್ಲಿ,” ಎಂದಳು ಸೊಸೆ.

ಮರುದಿನ ಮೇಷ್ಟ್ರು ಶಾಲೆ ಮುಗಿಸಿ ಕಚೇರಿಗೆ ಹೋದರು. ಅಲ್ಲಿಯ ಗುಮಾಸ್ತ ಒಂದು ಸುತ್ತೋಲೆ ತೋರಿಸಿದ. ಆರನೇ ಕಾಲಂನಲ್ಲಿರುವವರನ್ನೆಲ್ಲ ಸ್ಥಳಾಂತರಗೊಂಡವರೆಂದು ಪರಿಗಣಿಸತಕ್ಕದ್ದು, ಮರುಭೇಟಿ ಬೇಕಿಲ್ಲ ಎಂದು ಅದರಲ್ಲಿತ್ತು. ಮೇಷ್ಟ್ರು ತಮ್ಮ ಹಾಳೆಗಳನ್ನು ಒಪ್ಪಿಸಿದ ಎರಡು ದಿನಕ್ಕೆ ಹೊರಟಿದ್ದ ಸುತ್ತೋಲೆ. ಅದನ್ನು ಎರಡು ಸಲ ಓದಿ, ತಾರೀಖು ಬರೆದುಕೊಂಡು, ಮನೆಗೆ ಬಂದು ಒಂದು ಕಾಗದ ಬರೆದರು. ಚುನಾವಣೆಯ ದೊಡ್ಡ ಅಧಿಕಾರಿಗೆ. ‘ನಾನು ಈ ನೂರ ಅರವತ್ತಮೂರು ಜನರನ್ನು ಮತ್ತೆ ಭೇಟಿ ಮಾಡಬೇಕಾದವರೆಂದು ಬರೆದಿದ್ದೇನೆಯೇ ಹೊರತು, ಇಲ್ಲದವರೆಂದು ಬರೆದಿಲ್ಲ. ಇವರೆಲ್ಲ ಇದೇ ಬೀದಿಗಳಲ್ಲಿ ವಾಸವಾಗಿದ್ದಾರೆ. ಇವರ ಹೆಸರನ್ನು ಮತ್ತೆ ಸೇರಿಸಬೇಕಾಗಿ ವಿನಂತಿ.’ ಒಂದೂ ಅಕ್ಷರ ತಿದ್ದದ ದುಂಡಗಿನ ಬರಹ. ಲಕೋಟೆಗೆ ಹಾಕಿ ವಿಳಾಸ ಬರೆದರು.

ಆದರೆ ಅಂಟಿಸಲಿಲ್ಲ. ಕೈಕೆಳಗಿನವರು ದೊಡ್ಡ ಅಧಿಕಾರಿಗೆ ಬರೆಯುವುದಿದ್ದರೆ ನಡುವಿನ ಅಧಿಕಾರಿಗೆ ತೋರಿಸಿಯೇ ಕಳಿಸಬೇಕೆಂಬ ನಿಯಮವಿತ್ತು. ಆ ನಡುವಿನ ಅಧಿಕಾರಿಯೆಂದರೆ ಗಣತಿಯ ಮೇಲ್ವಿಚಾರಕ. ಮೇಷ್ಟ್ರು ಅವನಿಗೆ ಹೇಳಿಕಳಿಸಿದರು.

ಅವನು ಭಾನುವಾರ ತಾನಾಗಿಯೇ ಮನೆಗೆ ಬಂದ. ನಲವತ್ತು ದಾಟದ ಮನುಷ್ಯ, ಮೆತ್ತಗಿನ ಮಾತು. ಕುರ್ಚಿಯ ಮೇಲಿದ್ದ ಹೊಲಿಗೆ ಬಟ್ಟೆಗಳನ್ನು ಸೊಸೆ ಎತ್ತಿಟ್ಟು ಜಾಗ ಮಾಡಿಕೊಟ್ಟಳು. ಅವಳು ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮೇಲ್ವಿಚಾರಕ ಚಹಾ ಕುಡಿದು, ಬಿಸ್ಕತ್ತು ಅದ್ದಿ ತಿಂದು, ಮೇಷ್ಟ್ರು ಕೊಟ್ಟ ಕಾಗದವನ್ನು ಓದಿದ.

“ನಿಮ್ಮ ಅಕ್ಷರ ಭಾಳ ಚೆನ್ನಾಗಿದೆ ಮೇಷ್ಟ್ರೇ.”

“ಕಳಿಸ್ಲಾ?”

“ಕಳಿಸಬೇಡಿ ಅಂತ ನಾನು ಹೇಳಲ್ಲ. ಕಳಿಸಿದ್ರೆ ಏನಾಗುತ್ತೆ ಹೇಳ್ತೀನಿ. ವಿಚಾರಣೆ ಆಗುತ್ತೆ. ಸ್ವಂತ ತಾಯಿಯನ್ನೇ ಮನೇಲಿ ಸಿಗಲಿಲ್ಲ ಅಂತ ಬರೆದವರು ನೀವು. ಅಲ್ಲಿ ಕೂತೋರು ನಗ್ತಾರೆ. ನಕ್ಕು ಸುಮ್ಮನಿರಲ್ಲ. ವಿಚಾರಣೆ ಮುಗಿಯೋ ತನಕ ಕೆಲಸಕ್ಕೆ ಬರಬೇಡಿ ಅಂತಾರೆ. ಕೆಲಸ ಇಲ್ಲ ಅಂದ್ಮೇಲೆ ಈ ಮನೆ?”

ಅವನು ಚೀಲದಿಂದ ಇನ್ನೊಂದು ಹಾಳೆ ತೆಗೆದ. ಆರನೇ ಕಾಲಂನಲ್ಲಿ ಬರೆದವರೆಲ್ಲರೂ ಬೇರೆಡೆಗೆ ಹೋಗಿರುವುದು ತನಗೆ ಖಚಿತವಾಗಿದೆ ಎಂದು ಟೈಪಾಗಿತ್ತು. ಕೆಳಗೆ ಸಹಿಗೆ ಜಾಗ.

“ಇದಕ್ಕೆ ಸಹಿ ಹಾಕಿದ್ರೆ ಫೈಲು ಮುಗೀತು. ಅಮ್ಮನ ಹೆಸರನ್ನ ನಾನೇ ಕೈಯಾರೆ ಸೇರಿಸ್ತೀನಿ. ಹಿರಿಯರು. ಅವರದ್ದೊಂದು ಬಿಟ್ಟುಹೋಗಬಾರದು.”

ಅಜ್ಜಿ ಹೊಸ್ತಿಲ ಬಳಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. “ನಂದೊಂದೇನಾ ಸಾರ್?” ಎಂದಳು.

“ನಿಮ್ಮದಾಗುತ್ತಲ್ಲಮ್ಮ.”

“ನಾವು ಅಲ್ಲಿ ಆಸ್ಪತ್ರೇಲಿ ಚಾದರ ಮಡಚೋದು ಇಬ್ಬಿಬ್ರು. ಒಂದು ತುದಿ ನಾನು ಹಿಡಿದ್ರೆ, ಉದ್ದಕ್ಕ ಅಂತ ಒಬ್ಬಳಿದಾಳೆ, ಇನ್ನೊಂದು ತುದಿ ಅವಳು ಹಿಡೀಬೇಕು. ಅವಳ ಹೆಸರೂ ಹೋಗಿದೆ. ನಂದು ಮಾತ್ರ ಬಂತು ಅಂತ ಗೊತ್ತಾದ್ರೆ ನಾಳೆ ಆ ತುದಿ ಯಾರು ಹಿಡೀತಾರೆ? ಬೇಡ ಬಿಡಿ. ಹೋಗಿದ್ದು ಎಲ್ಲರ ಜೊತೆ ಹೋಗಿದೆ, ಬಂದ್ರೆ ಎಲ್ಲರ ಜೊತೆ ಬರ್ಲಿ.”

ಮೇಲ್ವಿಚಾರಕ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನೆಲ ನೋಡುತ್ತಿದ್ದರು. “ಯೋಚನೆ ಮಾಡಿ ಹೇಳ್ತೀನಿ,” ಎಂದರು.

“ಮಾಡಿ. ಆಕ್ಷೇಪಣೆಗೆ ಇನ್ನೂ ಹದಿನಾರು ದಿನ ಇದೆ,” ಎಂದು ಅವನು ಟೈಪಾದ ಹಾಳೆಯನ್ನು ಮೇಜಿನ ಮೇಲಿಟ್ಟು ಹೋದ.

ಮೇಷ್ಟ್ರು ಆ ಹಾಳೆಗೆ ಸಹಿ ಹಾಕಲಿಲ್ಲ. ಕಾಗದವನ್ನೂ ಕಳಿಸಲಿಲ್ಲ. ಎರಡನ್ನೂ ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿದ್ದರು. ನಾಲ್ಕನೇ ದಿನ ಸೊಸೆ ಚೀಲ ಒಗೆಯಬೇಕೆಂದು ಅದರಲ್ಲಿದ್ದದ್ದನ್ನೆಲ್ಲ ಹೊರಗೆ ಸುರಿದಳು. ಲಕೋಟೆಯ ಮೂಲೆಗಳು ಆಗಲೇ ಮಡಚಿಕೊಂಡಿದ್ದವು.

“ರೀ, ಇದನ್ನ ಏನು ಮಾಡ್ಬೇಕು ಅಂತಿದೀರಿ?”

“ನೋಡೋಣ.”

“ನೋಡೋಣ ಅಂತ ಹೊತ್ಕೊಂಡು ತಿರುಗಿದ್ರೆ ಯಾರದ್ದಾದ್ರೂ ಕೈಗೆ ಸಿಗುತ್ತೆ. ನನ್ನ ಮಿಷನ್ನಿನ ಡ್ರಾಯರಲ್ಲಿ ಇಟ್ಟಿರ್ತೀನಿ. ಬೇಕಾದಾಗ ಕೇಳಿ.”

“ನೀನೇನಂತೀಯ?”

“ನಾನೇನನ್ನಲಿ? ಕಳಿಸಿ ಅಂದ್ರೆ ಮನೆ ಹೋಗುತ್ತೆ. ಕಳಿಸಬೇಡಿ ಅಂದ್ರೆ ಅತ್ತೆ ಮುಖ ಹೇಗೆ ನೋಡ್ಲಿ? ನನ್ನನ್ನ ಕೇಳಬೇಡಿ. ಕಾಗದ ಬೇಕು ಅಂದ ದಿನ ಕೊಡ್ತೀನಿ, ಅಷ್ಟೇ.”

ಮೇಷ್ಟ್ರು ಕೇಳಲಿಲ್ಲ. ಮನೆಯ ಕೆಲಸ ಹೇಗೆ ನಡೆಯಬೇಕೋ ಹಾಗೆ ನಡೆಯುತ್ತಿತ್ತು. ಬೆಳಿಗ್ಗೆ ಮೂರು ಬುತ್ತಿ, ಸಂಜೆ ಒಂದು ಪಾತ್ರೆ ಅನ್ನ. ಸೊಸೆಯ ಮಿಷನ್ನಿನ ಸದ್ದು, ನಲ್ಲಿ ನೀರು ಬರುವ ಹೊತ್ತಿಗೆ ಬಿಂದಿಗೆ ಇಡುವುದು, ಒಣಗಿದ ಬಟ್ಟೆ ಒಳಗೆ ತರುವುದು. ಯಾರೂ ಯಾರ ಮೇಲೂ ರೇಗುತ್ತಿರಲಿಲ್ಲ. ರೇಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಸೊಸೆಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಹಬೆಯ ನಡುವೆ ಮೂವತ್ತೆಂಟು ಹೆಂಗಸರು ಕೆಲಸ ಮಾಡುತ್ತಿದ್ದರು. ಎಲ್ಲರೂ ಶಾಲೆಯ ಸುತ್ತಲಿನ ಓಣಿಗಳವರು. ಮೂವತ್ತೆಂಟು ಜನರ ಹೆಸರೂ ಹೋಗಿತ್ತು. ಪಟ್ಟಿ ಬಂದ ಮೊದಲ ದಿನ ಅಜ್ಜಿಯನ್ನು ಯಾರೂ ಮಾತಾಡಿಸಲಿಲ್ಲ. ಅವಳ ಹೆಸರೂ ಇಲ್ಲವೆಂದು ತಿಳಿದ ಮೇಲೆ ಉದ್ದಕ್ಕನೇ ಮೊದಲು ಬಾಯಿ ಬಿಟ್ಟಳು.

“ನಿನ್ನ ಮಗ ನಿನ್ನನ್ನೇ ಮನೇಲಿಲ್ಲ ಅಂತ ಬರೆದ್ನಂತೆ. ಇನ್ನು ನಾವ್ಯಾವ ಲೆಕ್ಕ ಬಿಡು.”

“ಸರಿಯಾಗಿ ಬರೆದಿದಾನೆ. ನಾನು ಮನೇಲಿ ಇರ್ಲಿಲ್ಲ, ಇಲ್ಲಿ ನಿನ್ನ ಮುಖ ನೋಡ್ಕೊಂಡು ನಿಂತಿದ್ದೆ.”

ಉದ್ದಕ್ಕ ನಕ್ಕಳು. ಚಾದರದ ಎರಡು ತುದಿ ಹಿಡಿದು ಇಬ್ಬರೂ ಹತ್ತಿರ ಬಂದರು, ತುದಿ ಕೂಡಿಸಿದರು, ಹಿಂದೆ ಸರಿದರು.

“ಆಕ್ಷೇಪಣೆ ಕೊಡಬಹುದಂತಲ್ಲ?” ಎಂದಳು ಉದ್ದಕ್ಕ.

“ಕೊಡಬಹುದು. ಹನ್ನೊಂದರಿಂದ ಒಂದು ಗಂಟೆ ಒಳಗೆ, ಅವರವರೇ ಹೋಗಿ ಕೊಡಬೇಕು.”

“ಹನ್ನೊಂದಕ್ಕೆ ಬಾಯ್ಲರ್ ಬಿಟ್ಟು ಯಾವಳು ಹೋಗ್ತಾಳೆ?”

ಅಜ್ಜಿ ಒಂದು ದಿನ ರಜೆ ಹಾಕಿ ಹೋಗಿ ನೋಡಿದಳು. ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಗುಮಾಸ್ತ ಅವಳ ಅರ್ಜಿ ತಿರುವಿ ವಾಪಸು ಕೊಟ್ಟ. ಗಣತಿ ಮಾಡಿದವರು ತಮ್ಮ ತಪ್ಪು ಒಪ್ಪಿ ಅರ್ಜಿಯ ಮೇಲೆ ಸಹಿ ಹಾಕಿದ್ದರೆ ಮಾತ್ರ ತೆಗೆದುಕೊಳ್ಳುವುದಂತೆ. “ಗಣತಿ ಮಾಡಿದವರು ಯಾರು ಗೊತ್ತೇನಮ್ಮ? ಹುಡುಕಿ ಹಿಡ್ಕೊಂಡು ಬಾ,” ಎಂದ.

“ಗೊತ್ತು,” ಎಂದಳು ಅಜ್ಜಿ. ಆ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಸಂಜೆ ಮಗನಿಗೆ ಹೇಳಲಿಲ್ಲ. ಮೊಮ್ಮಗಳು ಕೇಳಿದಳು, ಅದಕ್ಕೆ ಹೇಳಿದಳು.

ಮೊಮ್ಮಗಳು ಸೀದಾ ಹೋಗಿ ಅಪ್ಪನ ಮುಂದೆ ನಿಂತಳು. ಮೇಷ್ಟ್ರು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದರು.

“ಅಜ್ಜಿ ಅರ್ಜಿಗೆ ಸಹಿ ಹಾಕಪ್ಪ.”

“ಅದೊಂದಕ್ಕೆ ಹಾಕೋದಾದ್ರೆ ಎಲ್ಲದಕ್ಕೂ ಹಾಕ್ಬೇಕಾಗುತ್ತೆ.”

“ಎಲ್ಲದಕ್ಕೂ ಹಾಕು.”

“ಹಾಕಿ ಎಲ್ಲಿಗೆ ಹೋಗೋಣ? ನೀನು ಹೇಳು. ಮಿಷನ್ನು, ಪಾತ್ರೆ, ಹಾಸಿಗೆ ಎಲ್ಲ ಕಟ್ಕೊಂಡು ಎಲ್ಲಿಗೆ ಹೋಗೋಣ?”

“ಬೇರೆಯವರು ಬಾಡಿಗೆ ಮನೇಲಿ ಬದುಕಿಲ್ವಾ?”

“ನಿನಗೆ ಹತ್ತೊಂಬತ್ತು ವರ್ಷ.”

“ನನಗೆ ಹತ್ತೊಂಬತ್ತು ವರ್ಷ, ಜ್ವರ ಬಂದು ಮಲಗಿದ್ದೆ, ಅದಕ್ಕೆ ನನಗೆ ವೋಟಿದೆ. ಅಜ್ಜಿ ಹುಷಾರಾಗಿದ್ಲು, ಕೆಲಸಕ್ಕೆ ಹೋಗಿದ್ಲು, ಅದಕ್ಕೆ ಇಲ್ಲ. ನಿನ್ನ ಮಕ್ಕಳಿಗೆ ಇದನ್ನ ಪಾಠ ಮಾಡ್ತೀಯ?”

ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ‘ಅಮ್ಮ, ಉಪ್ಪು ಬೇಕಾ ಅಂತ ಕೇಳು’ ಎಂದು ತಾಯಿಯ ಮೂಲಕವೇ ಹೇಳಿಸುತ್ತಿದ್ದಳು. ಎಷ್ಟೋ ಸಲ ಅಂಗಡಿಯಲ್ಲೇ ಬ್ರೆಡ್ಡು ತಿಂದು ಬರುತ್ತಿದ್ದಳು.

ಒಂದು ಭಾನುವಾರ ಅಜ್ಜಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಮೊಮ್ಮಗಳು ಕೇಳಿದಳು, “ನಿನಗೆ ಕೋಪ ಬರಲ್ವಾ ಅಜ್ಜಿ? ಒಂದು ವೋಟು ತಾನೆ, ಹೋದ್ರೆ ಹೋಗ್ಲಿ ಅಂತ ಬಿಟ್ಟಿದೀಯಾ?”

“ಒಂದು ವೋಟು ತಾನೆ ಅನ್ನಬೇಡ. ನಿಮ್ಮ ತಾತನ ಕಾಲದಲ್ಲಿ ನಾನು ಏನು ಅಡುಗೆ ಮಾಡ್ಬೇಕು, ಯಾವ ಸೀರೆ ಉಡಬೇಕು, ಯಾರ ಮನೆಗೆ ಹೋಗ್ಬೇಕು ಎಲ್ಲಾ ಅವರು ಹೇಳಿದ ಹಾಗೆ. ಮೊದಲನೇ ಸಲ ವೋಟು ಬಂದಾಗ ಇಂಥದ್ದಕ್ಕೇ ಒತ್ತು ಅಂತ ಹಿಂದಿನ ದಿನವೇ ಕಲಿಸಿದ್ರು. ಬಾಗಿಲ ತನಕ ಜೊತೆಗೆ ಬಂದ್ರು. ಒಳಗೆ ಆ ರಟ್ಟಿನ ಮರೆಗೆ ಹೋದ್ರೆ ಯಾರೂ ಇಲ್ಲ ಕಣೆ. ನನ್ನ ಜನ್ಮದಲ್ಲೇ ಮೊದಲನೇ ಸಲ ಸುತ್ತಮುತ್ತ ಯಾರೂ ಇಲ್ಲ.”

“ಏನು ಮಾಡ್ದೆ?”

“ಬೇರೆಯದಕ್ಕೆ ಒತ್ತಿದೆ.”

“ತಾತ ಕೇಳ್ಲಿಲ್ವಾ?”

“ಕೇಳಿದ್ರು. ನೀವು ಹೇಳಿದ್ದಕ್ಕೇ ಹಾಕಿದೆ ಅಂದೆ. ಅವರು ಸಾಯೋ ತನಕ ಎಂಟು ಸಲ ಹೀಗೇ ಹೇಳಿದೀನಿ. ತಲೆ ಅಲ್ಲಾಡಿಸಬೇಡ, ಎಣ್ಣೆ ಕಣ್ಣಿಗೆ ಹೋಗುತ್ತೆ.”

ಬಾಗಿಲ ಆಚೆ ಮೇಷ್ಟ್ರು ಚಪ್ಪಲಿಯ ಕಿತ್ತುಹೋದ ಪಟ್ಟಿಗೆ ಮೊಳೆ ಹೊಡೆಯುತ್ತಿದ್ದರು. ಸುತ್ತಿಗೆಯ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಆಕ್ಷೇಪಣೆಯ ಕೊನೆಯ ದಿನ ಒಂದು ಮಂಗಳವಾರ ಬಂದು ಹೋಯಿತು. ಮೇಷ್ಟ್ರು ಅಂದು ಶಾಲೆಯಿಂದ ಸರಿಯಾದ ಹೊತ್ತಿಗೇ ಬಂದರು, ಸೌತೆಕಾಯಿ ತಂದಿದ್ದರು. ಸೊಸೆ ರಾತ್ರಿ ಊಟಕ್ಕೆ ಅದನ್ನು ಹೆಚ್ಚಿ ಉಪ್ಪು ಹಾಕಿ ಎಲ್ಲರಿಗೂ ಕೊಟ್ಟಳು. ಗಡುವು ಮುಗಿದದ್ದು ಎಲ್ಲರಿಗೂ ಗೊತ್ತಿತ್ತು. ಯಾರೂ ಕ್ಯಾಲೆಂಡರಿನ ಕಡೆ ತಿರುಗಲಿಲ್ಲ.

ಮತದಾನ ಅವರದೇ ಶಾಲೆಯಲ್ಲಿ, ಒಂದನೇ ತರಗತಿಯ ಕೋಣೆಯಲ್ಲಿ. ಸಾಮಾನ್ಯವಾಗಿ ಸ್ವಂತ ಬೀದಿಯಲ್ಲಿ ಯಾರಿಗೂ ಈ ಕೆಲಸ ಹಾಕುವುದಿಲ್ಲ. ಈ ಸಲ ಜನ ಸಾಲದು, ನಿಮಗೆ ಮುಖಗಳ ಪರಿಚಯವಿದೆ ಎಂದು ಮೇಲ್ವಿಚಾರಕ ಮೇಷ್ಟ್ರನ್ನು ಅಲ್ಲೇ ಹಾಕಿಸಿದ್ದ. ಅವರ ಕೆಲಸವೆಂದರೆ, ಬಂದವರ ಹೆಸರು ಕೇಳಿ, ಪಟ್ಟಿಯಲ್ಲಿ ಹುಡುಕಿ, ಪಕ್ಷಗಳ ಏಜೆಂಟರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಗೆರೆ ಎಳೆಯುವುದು.

ಬೆಳಿಗ್ಗೆ ಸೊಸೆ ಬಂದು ವೋಟು ಹಾಕಿ ಹೋದಳು. ಮಗಳು ಬಂದಳು. ಅಪ್ಪ ಹೆಸರು ಕೇಳಿದಾಗ ಹೇಳಿದಳು. ಇಪ್ಪತ್ತು ದಿನದಲ್ಲಿ ಅವಳು ಅವರಿಗೆ ನೇರವಾಗಿ ಆಡಿದ ಮಾತು ಅದೊಂದೇ.

ಆಸ್ಪತ್ರೆಗೆ ರಜೆಯಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಜ್ಜಿ ಬಂದಳು. ಹಿಂದೆ ಉದ್ದಕ್ಕ. ಅವಳ ಹಿಂದೆ ಉಳಿದವರು. ಒಗೆಯುವ ಸೋಡಾದ ನೀರಿನಲ್ಲಿ ಬೆಳ್ಳಗಾದ ಕೈಗಳು, ಹಬೆಗೆ ಒದ್ದೆಯಾಗಿ ಹಣೆಗೆ ಅಂಟಿದ ಕೂದಲು. ಬಾಗಿಲಲ್ಲಿದ್ದ ಪೊಲೀಸಿನವನು ಸಾಲು ಸರಿಮಾಡಿದ.

ಅಜ್ಜಿ ಮೇಜಿನ ಮುಂದೆ ನಿಂತಳು. ಮೇಷ್ಟ್ರು ತಲೆ ಎತ್ತಿದರು.

“ಹೆಸರು?”

ಅಜ್ಜಿ ಹೇಳಿದಳು. ಗಂಡನ ಹೆಸರನ್ನೂ ಮನೆಯ ನಂಬರ್ರನ್ನೂ ಹೇಳಿದಳು. ಮೇಷ್ಟ್ರು ಅಡಿಪಟ್ಟಿಯನ್ನು ಹಾಳೆಯ ಮೇಲಿಟ್ಟು ಒಂದೊಂದೇ ಸಾಲು ಕೆಳಗೆ ಸರಿಸಿದರು. ತಮ್ಮ ಹೆಸರು ಬಂತು, ಹೆಂಡತಿಯ ಹೆಸರು ಬಂತು, ಮಗಳದು ಬಂತು. ಮುಂದಿನದು ಪಕ್ಕದ ಮನೆ.

“ಇಲ್ಲ,” ಎಂದರು.

“ಇನ್ನೊಂದು ಸಲ ನೋಡಿ ಸಾರ್.”

ಅವರು ಮೇಲಿನಿಂದ ಮತ್ತೆ ನೋಡಿದರು. “ಇಲ್ಲಮ್ಮ.”

“ಸರಿ ಸಾರ್,” ಎಂದು ಅಜ್ಜಿ ಪಕ್ಕಕ್ಕೆ ಸರಿದಳು. ಉದ್ದಕ್ಕ ಮುಂದೆ ಬಂದಳು. ಹೆಸರು ಹೇಳಿದಳು, ಇಲ್ಲವೆನಿಸಿಕೊಂಡಳು, ಇನ್ನೊಂದು ಸಲ ನೋಡಲು ಹೇಳಿದಳು, ಮತ್ತೆ ಇಲ್ಲವೆನಿಸಿಕೊಂಡಳು. ಅವಳ ಹಿಂದಿನವಳೂ ಹಾಗೇ. ಯಾರೂ ಜಗಳ ಮಾಡಲಿಲ್ಲ. ಏಜೆಂಟರಲ್ಲಿ ಒಬ್ಬ ಆಕಳಿಸಿದ. ಹತ್ತು ಜನ ಆಗುವಷ್ಟರಲ್ಲಿ ಸಾಲು ಗೇಟಿನವರೆಗೆ ಬೆಳೆದಿತ್ತು. ಮೇಲ್ವಿಚಾರಕ ಬಂದು ಮೇಷ್ಟ್ರ ಕಿವಿಯ ಬಳಿ ಬಗ್ಗಿದ.

“ಒಗೆಯೋ ಕೋಣೆಯವರದ್ದು ಯಾರದ್ದೂ ಇಲ್ಲ ಅಂತ ಒಂದೇ ಸಲ ಹೇಳಿ ಕಳಿಸಿ ಮೇಷ್ಟ್ರೇ. ಸಾಲು ನಿಂತಿದೆ.”

“ಒಬ್ಬೊಬ್ಬರ ಹೆಸರೂ ನೋಡಬೇಕು ಅಂತ ಇದೆ ಸಾರ್.”

“ಎಲ್ಲಿದೆ?”

“ಕೈಪಿಡಿಯಲ್ಲಿ. ಹದಿನಾಲ್ಕನೇ ಪುಟ.”

ಮೇಲ್ವಿಚಾರಕ ನೆಟ್ಟಗೆ ನಿಂತು ಹೊರಗೆ ಹೋದ. ಮೇಷ್ಟ್ರು ಅಡಿಪಟ್ಟಿಯನ್ನು ಮತ್ತೆ ಹಾಳೆಯ ತುದಿಗಿಟ್ಟರು. ಮೂವತ್ತೆಂಟು ಜನರ ಹೆಸರನ್ನೂ ಎರಡೆರಡು ಸಲ ಹುಡುಕಿದರು. ಹುಡುಕಿದ ಒಂದೊಂದು ಹೆಸರನ್ನೂ ಪಕ್ಕದಲ್ಲಿದ್ದ ಬಿಳಿ ಹಾಳೆಯಲ್ಲಿ ಬರೆದುಕೊಂಡರು. ಹೆಂಗಸರು ಬಿಡುವು ಮುಗಿದು ಅರ್ಧ ಗಂಟೆಯಾದ ಮೇಲೆ ಕೆಲಸಕ್ಕೆ ಮರಳಿದರು. ಅಷ್ಟೂ ಜನರಿಗೆ ಅರ್ಧ ದಿನ ಗೈರುಹಾಜರಿ ಹಾಕಿದರೆಂದು ಆಮೇಲೆ ತಿಳಿಯಿತು.

ಸಂಜೆ ಪೆಟ್ಟಿಗೆಗಳನ್ನು ಒಪ್ಪಿಸಿ ಮೇಷ್ಟ್ರು ಮನೆಗೆ ಬಂದಾಗ ಅಜ್ಜಿ ತಟ್ಟೆ ಹಾಕುತ್ತಿದ್ದಳು. ನಾಲ್ವರೂ ಕುಳಿತರು. ಮೂವರ ಬೆರಳಿನ ಮೇಲೆ ಶಾಯಿಯ ಗುರುತಿತ್ತು. ಮೊಮ್ಮಗಳು ತನ್ನ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಅಜ್ಜಿ ಒಬ್ಬೊಬ್ಬರಿಗೂ ಅನ್ನ ಬಡಿಸಿ ಮಗನ ತಟ್ಟೆಗೆ ಬಂದಳು.

“ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯೇನೋ?”

“ಪೊಟ್ಟಣ ಕೊಟ್ಟಿದ್ರು. ತಿನ್ನಕ್ಕೆ ಆಗ್ಲಿಲ್ಲ.”

“ತಿನ್ನು ಈಗ.”

“ಅಮ್ಮ, ನೀನು ಯಾಕೆ ಬಂದೆ? ಇಲ್ಲ ಅಂತ ಗೊತ್ತಿತ್ತಲ್ಲ.”

“ಗೊತ್ತಿತ್ತು. ಇಲ್ಲ ಅಂತ ಯಾರಾದ್ರೂ ನನ್ನ ಮುಖಕ್ಕೆ ಹೇಳ್ಲಿ ಅಂತ ಬಂದೆ. ಗೋಡೆ ಮೇಲಿನ ಕಾಗದ ಹೇಳಿದ್ರೆ ಸಾಲದು ಅನ್ನಿಸ್ತು. ನೀನು ಅಲ್ಲಿರ್ತೀಯ ಅಂತ ಗೊತ್ತಿತ್ತು, ಪಟ್ಟಿ ನೋಡಿ ಹೇಳೋನು ನೀನೇ ಅಂತ ಗೊತ್ತಿರ್ಲಿಲ್ಲ ಕಣೋ. ಬಾಗಿಲಿಗೆ ಬಂದ್ಮೇಲೆ ನೋಡಿದೆ. ಹಿಂದೆ ಅಷ್ಟು ಜನ ಇದ್ರು, ವಾಪಸು ಹೋಗಕ್ಕಾಗ್ಲಿಲ್ಲ.”

ಮೇಷ್ಟ್ರು ಉಂಡರು. ಕೈ ತೊಳೆದು ಬಂದು ಹೆಂಡತಿಗೆ ಹೇಳಿದರು, “ಆ ಕಾಗದ ಕೊಡು.”

ಸೊಸೆ ಎದ್ದು ಡ್ರಾಯರಿನಿಂದ ಲಕೋಟೆ ತಂದಳು. “ಚುನಾವಣೆ ಮುಗೀತಲ್ರೀ. ಈಗ ಕಳಿಸಿದ್ರೆ ಮನೆ ಮಾತ್ರ ಹೋಗುತ್ತೆ, ವೋಟು ಬರಲ್ಲ.”

“ಗೊತ್ತು.”

“ಗೊತ್ತಿದ್ದು ಕಳಿಸ್ತೀರಾ?”

“ಇಲ್ಲ ಅಂತ ಮೂವತ್ತೆಂಟು ಜನಕ್ಕೆ ಬಾಯಾರೆ ಹೇಳಿದೀನಿ. ಎಪ್ಪತ್ತಾರು ಸಲ. ಅದು ಸುಳ್ಳು ಅಂತ ಒಂದು ಸಲವಾದ್ರೂ ಬರೆದು ಹೇಳ್ಬೇಕು.”

ಅವಳು ಮೇಜಿನ ಮೇಲಿದ್ದ ಹೊಲಿಗೆ ಬಟ್ಟೆಗಳನ್ನು ತೆಗೆದು ಅವರಿಗೆ ಬರೆಯಲು ಜಾಗ ಮಾಡಿಕೊಟ್ಟಳು. ಮೇಷ್ಟ್ರು ಹಳೆಯ ಕಾಗದವನ್ನು ಹಾಗೇ ಇಟ್ಟುಕೊಂಡು, ಕೆಳಗೆ ಅಂದಿನ ತಾರೀಖು ಹಾಕಿ, ಮೂವತ್ತೆಂಟು ಹೆಸರು ಸೇರಿಸಿದರು. ಇವರೆಲ್ಲರೂ ಇಂದು ಖುದ್ದಾಗಿ ಬಂದು ಮತ ಕೇಳಿದರು, ಪಟ್ಟಿಯಲ್ಲಿ ಹೆಸರಿಲ್ಲವೆಂದು ನಾನೇ ವಾಪಸು ಕಳಿಸಿದೆ ಎಂದು ಬರೆದರು. ಮೊದಲ ಹೆಸರಿನ ಮುಂದೆ ‘ನನ್ನ ತಾಯಿ. ನನ್ನ ಜೊತೆಯಲ್ಲೇ ವಾಸ’ ಎಂದು ಬರೆದರು. ಟೈಪಾದ ಹಾಳೆಯನ್ನೂ ಸಹಿಯಿಲ್ಲದೆ ಜೊತೆಗಿಟ್ಟರು.

ಬೆಳಿಗ್ಗೆ ಚಹಾ ಕುಡಿಯುವಾಗ ಮಗಳು ಕೈ ಚಾಚಿದಳು.

“ಎಷ್ಟು ಕಾಪಿ?”

ಮೇಷ್ಟ್ರು ಅವಳ ಕಡೆ ನೋಡಿದರು. “ಎರಡು. ಒಂದು ಮನೇಲಿರ್ಲಿ, ಒಂದು ಆಸ್ಪತ್ರೆಯವರಿಗೆ.”

“ಮೂರು ತೆಗೀತೀನಿ. ಗೋದಾಮಿನವರೂ ಕೇಳ್ತಾರೆ.” ಅವಳು ಕಾಗದಗಳನ್ನು ಅಂಗಡಿಗೆ ಒಯ್ದು, ಅರ್ಧ ಗಂಟೆಯಲ್ಲಿ ವಾಪಸು ತಂದು ಕೊಟ್ಟು ಹೋದಳು.

ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ಅಂಚೆ ಕಚೇರಿಗೆ ಹೋದರು. ಮುಂದೆ ಆರು ಜನ ಇದ್ದರು. ಸರದಿ ಬಂದಾಗ ಲಕೋಟೆಯನ್ನು ಕಿಂಡಿಯೊಳಗೆ ತಳ್ಳಿದರು. ಗುಮಾಸ್ತೆ ವಿಳಾಸ ಓದಿದಳು.

“ಮೊನ್ನೆ ತನಕ ಈ ಆಫೀಸಿಗೆ ದಿನಾ ಚೀಲಗಟ್ಟಲೆ ಹೋಗ್ತಿತ್ತು ಸಾರ್. ಇವತ್ತು ನಿಮ್ಮದೊಂದೇ. ಸಾದಾ ಹಾಕ್ಲಾ?”

“ರಿಜಿಸ್ಟರು.”

“ತಲುಪಿದ್ದಕ್ಕೆ ರಸೀತಿ?”

“ಬೇಕು.”

“ಕಳಿಸೋರ ವಿಳಾಸ ಮೇಲುಗಡೆ ಬರೀರಿ. ಸರಿಯಾಗಿ ಕಾಣೋ ಹಾಗೆ.”

ಮೇಷ್ಟ್ರು ಎಂದಾಗಲಿ ಗಣತಿದಾರರು ಎಂದಾಗಲಿ ಹಾಕದೆ, ಅವರು ಬರೀ ತಮ್ಮ ಹೆಸರು, ಮನೆಯ ನಂಬರ್ರು ಬರೆದರು. ಅವಳು ಎರಡು ಕಡೆ ಮುದ್ರೆ ಒತ್ತಿ, ಲಕೋಟೆಯನ್ನು ಹಿಂದೆ ನೇತುಹಾಕಿದ್ದ ಚೀಲಕ್ಕೆ ಎಸೆದಳು. ಮೇಷ್ಟ್ರು ರಸೀತಿ ಹಿಡಿದು ಕಿಂಡಿಯ ಮುಂದೆಯೇ ನಿಂತಿದ್ದರು.

“ನಿಮ್ಮದಾಯ್ತಲ್ಲ ಸಾರ್?” ಎಂದರು ಹಿಂದಿದ್ದ ಯಾರೋ.

“ಆಯ್ತು,” ಎಂದು ಅವರು ಪಕ್ಕಕ್ಕೆ ಸರಿದರು.